ತಾಯಿ ಕಾರ್ಡಿನ ಫೋಟೋ ಗ್ರೂಪಿಗೆ ಬ್ಯಾಡ್ರಿ

ಸಿಸ್ಟರ್, ಬಸುರಿನ್ನ ಜಮಖಂಡಿಯಿಂದ ಬಾಗಲಕೋಟಿ ದವಾಖಾನಿಗೆ ರೆಫರ್ ಮಾಡೂವಾಗ ಆಕಿ ತಪಾಸಣಿ ವಿವರ ಇರೂ ತಾಯಿ ಕಾರ್ಡಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ ಅಂತ ಕೇಳೀರಿ. ಹಾಕಬ್ಯಾಡ್ರಿ. ಗ್ರೂಪಿನ ಫೋಟೋ ಮಂದಿ ಗ್ಯಾಲರಿಯೊಳಗ ತಾನ ಸೇವ್ ಆಗತದ. ನೀವು ಅಳಿಸಿದ್ರೂ ಅವರ ಕಡೆ ಉಳೀಬಹುದು. ಡ್ಯೂಟಿ ಡಾಕ್ಟರಿಗೆ ನೇರ ಫೋನ್ ಹಚ್ಚಿ ಬಿಪಿ, ಹಿಮೋಗ್ಲೋಬಿನ್, ನೋವು ಶುರುವಾದ ಹೊತ್ತು ಹೇಳ್ರಿ. ಕಾರ್ಡು, ರೆಫರಲ್ ಚೀಟಿ ಲಕೋಟೆಯೊಳಗ ಹಾಕಿ ಬಸುರಿ ಜೊತೆನ ಕಳಸ್ರಿ.

ಎಚ್‌ಐವಿ ವರದಿ ಅತ್ತಿ ಕೇಳಿದ್ರೂ ತೋರಸಬ್ಯಾಡ್ರಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಬಸುರಿ ಒಪ್ಪಿಗಿ ಬೇಕು. ಗರ್ಭಪಾತ ಮಾಡಿಸಿಕೊಂಡಾಕಿ ಹೆಸರು ಹೊರಗ ಬಿಟ್ಟ ವೈದ್ಯರಿಗೆ 1 ವರ್ಷದ ತನಕ ಜೈಲು ಆಗಬಹುದು, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯೊಳಗ ಅದ.

ಹಿಂದಿನ ಗರ್ಭಪಾತ, ಮನ್ಯಾಗಿನ ಹೊಡ್ತ ಬಡ್ತ ಇವನ್ನ ಅತ್ತಿ ಮುಂದ ಕೇಳಿದ್ರ ಖರೇ ಉತ್ತರ ಬರೂದಿಲ್ಲ. ತೂಕ ನೋಡಾಕಂತ ಆಕಿ ಒಬ್ಬಾಕಿನ್ನ ಒಳಗ ಕರದು, ಬಾಗಲಾ ಹಾಕಿ, ಸಣ್ಣ ದನಿಯೊಳಗ ಕೇಳ್ರಿ.