ಹೊಟ್ಟೆ ತುಂಬಿದ್ದು ಊಟ ಮುಗಿದ ಮೇಲೇ ಗೊತ್ತಾಗುತ್ತದೆ. ಮೊದಲೇ ತಿಳಿಯುವಂತೆ ಅಭ್ಯಾಸ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ನನ್ನ ಕಥೆಯೂ ಇದೇ ಆಗಿತ್ತು. ಲ್ಯಾಪ್‌ಟಾಪ್ ಮುಂದೆ ಕೂತು ಏಳೆಂಟು ನಿಮಿಷದಲ್ಲಿ ತಟ್ಟೆ ಖಾಲಿ. ಅರ್ಧ ಗಂಟೆ ಕಳೆದರೆ ಪ್ಯಾಂಟಿನ ಗುಂಡಿ ಬಿಚ್ಚೋಣ ಅನಿಸುವಷ್ಟು ಭಾರ.

ಹೊಟ್ಟೆಯಿಂದ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ಜಠರ ಹಿಗ್ಗಿದ್ದನ್ನು ವೇಗಸ್ ನರ ಬೇಗ ಮಿದುಳಿಗೆ ಮುಟ್ಟಿಸುತ್ತದೆ. ಆಹಾರ ಸಣ್ಣ ಕರುಳಿಗೆ ಇಳಿದ ಮೇಲೆ ಅಲ್ಲಿಂದ ಹೊರಡುವ ಹಾರ್ಮೋನುಗಳದ್ದು ನಿಧಾನದ ದಾರಿ, ಸುಮಾರು 15–20 ನಿಮಿಷ ಬೇಕು. ಅವಸರದಲ್ಲಿ ಉಂಡರೆ ಆ ಸುದ್ದಿ ಬರುವಷ್ಟರಲ್ಲಿ ನಾವು ತಟ್ಟೆ ತೊಳೆಯುತ್ತಿರುತ್ತೇವೆ.

ನಾನು ಮೊದಮೊದಲು ತುತ್ತುತುತ್ತಿಗೂ "ತುಂಬಿತಾ?" ಅಂತ ಕೇಳಿಕೊಂಡೆ. ಊಟವೇ ಪರೀಕ್ಷೆಯಾಯಿತು. ಬಿಟ್ಟುಬಿಟ್ಟೆ. ಆಮೇಲೆ ಹಸಿವಿನಿಂದ ಶುರು ಮಾಡಿದೆ, ಅದನ್ನು ಗುರುತಿಸುವುದು ಸುಲಭ. ತಿನ್ನುವ ಮೊದಲು ಒಂದೇ ಪ್ರಶ್ನೆ: ಬರೀ ಮೊಸರನ್ನ ಇದ್ದರೂ ತಿನ್ನುತ್ತೇನಾ? ಹೌದಾದರೆ ಹಸಿವು. ಚಕ್ಕುಲಿಯೇ ಬೇಕು ಅಂದರೆ ಅದು ಬಾಯಿ ಚಪಲ.

ಗುರ್ ಅನ್ನುವ ಶಬ್ದವನ್ನು ಜಾಸ್ತಿ ನಂಬಬೇಡಿ. ಖಾಲಿ ಜಠರ, ಕರುಳು ಒಂದೂವರೆ ಎರಡು ಗಂಟೆಗೊಮ್ಮೆ ತಮ್ಮನ್ನು ತಾವೇ ಗುಡಿಸಿಕೊಳ್ಳುತ್ತವೆ, ಆಗಲೂ ಸದ್ದಾಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನಂತೂ ನಮ್ಮ ಊಟದ ಸಮಯ ಕಲಿತುಬಿಡುತ್ತದೆ. ದಿನಾ ಒಂದು ಗಂಟೆಗೆ ಉಣ್ಣುವವರಿಗೆ ಒಂದು ಗಂಟೆಗೇ ಹಸಿವು. (ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹಸಿವು ಬರಲಿ ಅಂತ ಊಟ ಮುಂದೂಡಬೇಡಿ. ಡಾಕ್ಟರ್ ಹೇಳಿದ ಸಮಯಕ್ಕೇ ತಿನ್ನಿ.)

ಹೊಟ್ಟೆ ತುಂಬಿದ್ದನ್ನು ತಿಳಿಯಲು ನನಗೆ ನೆರವಾದದ್ದು ನಮ್ಮ ಊಟದ ಕ್ರಮವೇ. ಸಾರನ್ನ ಮುಗಿದು ಮಜ್ಜಿಗೆ ಅನ್ನಕ್ಕೆ ಹೋಗುವ ಮುಂಚೆ ಸಹಜವಾಗಿ ಒಂದು ಬಿಡುವು ಇದೆ, ಅಲ್ವಾ? ಅಲ್ಲಿ ಎರಡು ನಿಮಿಷ ಸುಮ್ನೆ ಕೂರುತ್ತೇನೆ. ಫೋನ್ ಇಲ್ಲ. ಪಕ್ಕೆಲುಬಿನ ಕೆಳಗೆ ಸಣ್ಣದಾಗಿ ಬಿಗಿ ಅನಿಸುತ್ತದಾ ನೋಡುತ್ತೇನೆ. ಕೊನೆಯ ತುತ್ತು ಮೊದಲ ತುತ್ತಿನಷ್ಟೇ ರುಚಿಸಿತಾ ಅಂತಲೂ ನೆನೆಯುತ್ತೇನೆ. ಒಂದೇ ಪದಾರ್ಥ ತಿನ್ನುತ್ತಾ ಹೋದರೆ ಅದರ ರುಚಿ ಇಳಿಯುತ್ತದೆ, ಹೊಸದು ಬಂದರೆ ಆಸೆ ಮತ್ತೆ ಚಿಗುರುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೂ ಹೋಳಿಗೆಗೆ ಜಾಗ ಸಿಗುವುದು ಹೀಗೆ. ಮದುವೆ ಮನೆಯಲ್ಲಿ ನಾನು ಈ ಅಭ್ಯಾಸದ ತಂಟೆಗೇ ಹೋಗುವುದಿಲ್ಲ ಬಿಡಿ.

ಗುರುತು ಹತ್ತಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ತೂಕ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಮಧ್ಯಾಹ್ನದ ತೂಕಡಿಕೆ ಮಾತ್ರ ಹೋಯಿತು.

ಕಷ್ಟ ಆಗುವುದು ಊರಿಗೆ ಹೋದಾಗ. ನನ್ನ ಹೊಟ್ಟೆ "ಸಾಕು" ಅಂದಿದ್ದು ಅಮ್ಮನಿಗೆ ಕೇಳಿಸುವುದೇ ಇಲ್ಲ. ಅದಕ್ಕೇ ಅಲ್ಲಿ ಮೊದಲೇ ಒಂದು ಸೌಟು ಕಮ್ಮಿ ಹಾಕಿಸಿಕೊಳ್ಳುತ್ತೇನೆ, ಅವರು ಬಲವಂತಕ್ಕೆ ಬಡಿಸುವ ಸೌಟಿಗೆ ಜಾಗ ಇರಲಿ ಅಂತ.