ನಮ್ಮದು ಹೊಲಿಗೆಯ ಹವ್ಯಾಸದ ಗುಂಪು, ನೆರೆ ಬಂದ ಊರಿಗೆ ಏನು ಕಳಿಸೋಣ?

ನಿಮ್ಮದು ವಾರಕ್ಕೊಮ್ಮೆ ಸೇರಿ ಕಸೂತಿ, ಕ್ರೋಷಾ ಹಾಕುವ ಹನ್ನೆರಡು ಹೆಂಗಸರ ಗುಂಪು. ನೆರೆಯ ಸುದ್ದಿ ನೋಡಿ ಸುಮ್ನೆ ಕೂರಲು ಆಗುತ್ತಿಲ್ಲ. ಮನೆ ಮನೆಯಿಂದ ಬಟ್ಟೆ ಕೂಡಿಸಿ ಒಂದು ಗಾಡಿ ಕಳಿಸಬೇಕು ಅಂತಿದ್ದೀರಿ. ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ ಎಂದು ಕೇಳಿದ್ದೀರಿ.

ನಾವು ಮಾಡಿದ್ದೇವೆ. ಅದಕ್ಕೇ ಹೇಳುತ್ತಿದ್ದೇನೆ, ಬಟ್ಟೆ ಕೂಡಿಸುವುದನ್ನು ಇವತ್ತೇ ನಿಲ್ಲಿಸಿ. ಲಂಗ ಹೊಲಿಯಲು ಕೂತುಕೊಳ್ಳಿ.

ನಾನು ರಾಯಚೂರಿನವಳು. ನಮ್ಮದು ಕೌದಿ, ಅಂದರೆ ಹಳೇ ಬಟ್ಟೆಯ ದಪ್ಪ ಹೊದಿಕೆ, ಹೊಲಿಯುವ ಗುಂಪು. ಹೊಟ್ಟೆಪಾಡಿಗೆ ಹೊಲಿಯುವವರಲ್ಲ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಯಾರದಾದರೂ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೂಲೆಗೊಬ್ಬರಂತೆ ಕೂತು ಸೂಜಿ ಹಿಡಿಯುತ್ತೇವೆ. ಹುಟ್ಟಿದ ಕೂಸಿಗೆ, ಬಾಣಂತಿಗೆ, ಹೊಸ ಮನೆ ಕಟ್ಟಿದವರಿಗೆ ಒಂದೊಂದು ಕೌದಿ ಕೊಡುತ್ತೇವೆ. ಗುಂಪಿನಲ್ಲಿ ಶಾಲೆಯ ಟೀಚರ್ ಇದ್ದಾರೆ, ಬ್ಯಾಂಕಿನಿಂದ ನಿವೃತ್ತಿಯಾದವರಿದ್ದಾರೆ, ಮನೆಗೆಲಸದಲ್ಲೇ ದಿನ ಕಳೆಯುವ ನನ್ನಂಥವರು ಜಾಸ್ತಿ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿದೆ ಅಂತ ರೇಡಿಯೊದಲ್ಲಿ ಹೇಳುತ್ತಿದ್ದರು. ನಮ್ಮದು ಮಳೆಗಾಗಿ ಗುರ್ಜಿ ಹೊತ್ತು ಮನೆ ಮನೆ ತಿರುಗುವ ಸೀಮೆ. ಆದ್ದರಿಂದ ಮೊದಲ ದಿನ ಎಲ್ಲರಿಗೂ ಖುಷಿಯೇ. ಮೂರನೇ ದಿನಕ್ಕೆ ಹಳ್ಳಿಗಳಲ್ಲಿ ಮನೆ ಬೀಳತೊಡಗಿದವು. ಇಲ್ಲಿಯ ಹಳೇ ಮನೆಗಳು ಮಣ್ಣಿನ ಮಾಳಿಗೆಯವು. ದಪ್ಪ ಮಣ್ಣಿನ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮತ್ತೆ ಮಣ್ಣು. ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಬೇರೆ ಇಲ್ಲ. ಆದರೆ ಬಿಡದೆ ನೀರು ಕುಡಿದ ಮಾಳಿಗೆ ಭಾರವಾಗುತ್ತದೆ, ಗೋಡೆ ಮೆತ್ತಗಾಗುತ್ತದೆ, ಒಂದು ರಾತ್ರಿ ಎಲ್ಲ ಕೂಡಿ ಕೆಳಗೆ ಬರುತ್ತದೆ. ಹೊಳೆಯಿಂದ ದೂರ ಇದ್ದ ಊರುಗಳಲ್ಲೂ ಹೀಗಾಯಿತು. ಹೊಳೆ ದಂಡೆಯ ಊರುಗಳ ಪಾಡು ಕೇಳಲೇಬೇಡಿ. ಅಕ್ಟೋಬರ್ 2ರಂದು ತುಂಗಭದ್ರೆಯ ನೀರು ಮಂತ್ರಾಲಯದ ರಾಯರ ಮಠದೊಳಗೂ ನುಗ್ಗಿತ್ತು. ಅತ್ತ ಕರ್ನೂಲು ಪಟ್ಟಣವೇ ಮುಳುಗಿತ್ತು.

ನಾವೂ ನಿಮ್ಮಂತೆಯೇ ಮಾಡಿದೆವು. ನಾಲ್ಕು ದಿನ ಓಣಿ ಓಣಿ ತಿರುಗಿ ಹನ್ನೊಂದು ಚೀಲ ಬಟ್ಟೆ ಕೂಡಿಸಿದೆವು. ಅದರ ಮೇಲೆ ನಾವೇ ಹೊಲಿದ ಎಂಟು ಕೌದಿ ಇಟ್ಟೆವು. ಒಂದು ಟಂಟಂ ಆಟೊ ಮಾಡಿಕೊಂಡು ತುಂಗಭದ್ರೆ ದಂಡೆಯ ಒಂದು ಹಳ್ಳಿಗೆ ಹೋದೆವು. ಊರಿನ ಜನ ಶಾಲೆಯಲ್ಲಿದ್ದರು. ಈಗ ಕಾಳಜಿ ಕೇಂದ್ರ ಅನ್ನುತ್ತಾರಲ್ಲ, ಆಗ ಗಂಜಿ ಕೇಂದ್ರ ಅನ್ನುತ್ತಿದ್ದರು. ಶಾಲೆಯ ಅಂಗಳದಲ್ಲಿ ನಮಗಿಂತ ಮೊದಲೇ ಬಂದ ಬಟ್ಟೆಯ ಗುಡ್ಡೆ ಇತ್ತು, ನನ್ನ ಎದೆಯ ಎತ್ತರಕ್ಕೆ. ಮಳೆಗೆ ನೆನೆದು ವಾಸನೆ ಹೊಡೆಯುತ್ತಿತ್ತು. ಜರಿ ಸೀರೆ, ಹರಿದ ಪ್ಯಾಂಟು, ಗುಂಡಿ ಕಿತ್ತ ಶರ್ಟು. ಆ ಗುಡ್ಡೆಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಮಕ್ಕಳು ಮಾತ್ರ ಅದರ ಮೇಲೆ ಹತ್ತಿ ಇಳಿದು ಆಡುತ್ತಿದ್ದರು.

ಅಲ್ಲಿಯ ಅಂಗನವಾಡಿ ಟೀಚರ್ ನಮ್ಮ ಚೀಲಗಳನ್ನು ನೋಡಿದರು. ಬೇಡ ಅನ್ನಲು ಅವರಿಗೆ ಸಂಕೋಚ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅಕ್ಕಾರ, ಸೀರಿ ಬಾಳ ಬಂದಾವ್ರಿ. ಲಂಗ ಒಂದೂ ಇಲ್ರಿ, ಜಂಪರ್ ಇಲ್ರಿ. ಮೈಮ್ಯಾಲಿನ ಬಟ್ಟಿ ಒದ್ದಿ ಆಗ್ಯಾವ. ಬಿಚ್ಚಿದ್ರ ಹೆಣ್ಮಕ್ಕಳು ಏನ್ ಉಡಬೇಕ್ರಿ?"

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾವು ಹತ್ತು ಜನ ಹೆಂಗಸರು, ದಿನಾ ಸೀರೆ ಉಡುವವರು. ನಾಲ್ಕು ದಿನ ಬಟ್ಟೆ ಕೂಡಿಸಿದೆವು. ಒಬ್ಬರಿಗೂ ಲಂಗ ನೆನಪಾಗಿರಲಿಲ್ಲ. ಕೊಡುವವರು ಸೀರೆ ಕೊಡುತ್ತಾರೆ, ಒಳಗಿನದನ್ನು ಯಾರೂ ಕೊಡುವುದಿಲ್ಲ. ಆ ಹೆಂಗಸರು ನಾಲ್ಕು ದಿನದಿಂದ ಒದ್ದೆ ಲಂಗದಲ್ಲೇ ಇದ್ದರು. ಕೆಲವರಿಗೆ ತೊಡೆಯಲ್ಲಿ ಹುಣ್ಣಾಗಿತ್ತು. ಗಂಡಸರ ಎದುರು ಹೇಳಿಕೊಳ್ಳುವ ಮಾತಲ್ಲ ಅದು. ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಹನ್ನೊಂದೂ ಚೀಲ ವಾಪಸು ತಂದೆವು. ಅವತ್ತು ಸಂಜೆಯೇ ರಾಯಚೂರಿನ ಬಟ್ಟೆ ಅಂಗಡಿಯಲ್ಲಿ ಪಾಪ್ಲಿನ್ ಥಾನುಗಳನ್ನು ಕೊಂಡೆವು. ಒಂದೇ ಮನೆಯಲ್ಲಿ ಮೂರು ಮಿಷನ್ ಹಾಕಿದೆವು. ಇಬ್ಬರು ಕತ್ತರಿಸುವವರು, ಮೂವರು ಹೊಲಿಯುವವರು, ಉಳಿದವರು ಲಾಡಿ ಪೋಣಿಸಿ ಮಡಚುವವರು. ಎರಡು ಹಗಲು, ಒಂದು ರಾತ್ರಿಯಲ್ಲಿ ನೂರಾ ಮೂವತ್ತು ಲಂಗ ಆದವು. ಲಂಗದ ದೊಡ್ಡ ಗುಣ ಏನೆಂದರೆ ಅದಕ್ಕೆ ಅಳತೆ ಬೇಕಿಲ್ಲ. ಲಾಡಿ ಎಳೆದರೆ ಹದಿನೆಂಟರ ಹುಡುಗಿಗೂ ಆಗುತ್ತದೆ, ಅರವತ್ತರ ಅಜ್ಜಿಗೂ ಆಗುತ್ತದೆ.

ಜಂಪರ್ ಅಂದರೆ ರವಿಕೆ ಹಾಗಲ್ಲ, ಅಳತೆ ಬೇಕೇ ಬೇಕು. ಅದಕ್ಕೆ ಎರಡನೇ ವಾರ ಒಂದು ಕೈಮಿಷನ್ ಹೊತ್ತುಕೊಂಡು ಹೋಗಿ ಅಂಗನವಾಡಿಯ ಬಾಗಿಲಲ್ಲಿ ಕೂತೆವು. ದಾನ ಬಂದ ಜಂಪರ್‌ಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ, ಹಾಕಿಕೊಳ್ಳುವವರನ್ನು ಎದುರಿಗೇ ಕೂರಿಸಿಕೊಂಡು, ಪಕ್ಕದ ಹೊಲಿಗೆ ಬಿಚ್ಚಿ ಹಿಗ್ಗಿಸಿ, ಇಲ್ಲವೇ ಒಳಗೆ ಹಿಡಿದು ಕೊಟ್ಟೆವು. ಮಕ್ಕಳ ಚಡ್ಡಿಗೆ ಇಲಾಸ್ಟಿಕ್ ಹಾಕಿದೆವು. ಮೂರು ದಿನದಲ್ಲಿ ನಾವು ಮಾಡಿದ ಕೆಲಸ ಅಷ್ಟೇ. ಆದರೆ ನನ್ನ ಲೆಕ್ಕದಲ್ಲಿ ನಮ್ಮ ಗುಂಪು ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ಅಕ್ಕಿ, ಬೇಳೆ, ಬಿಸ್ಕತ್ತು ಎಲ್ಲರೂ ತರುತ್ತಾರೆ. ಸೂಜಿ ಹಿಡಿದು ಎದುರಿಗೆ ಕೂರುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಮಿಷನ್ ತಿರುಗಿಸುತ್ತಾ ಕೂತರೆ ಹೆಂಗಸರು ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಮನೆ ಬಿದ್ದ ರಾತ್ರಿಯ ಕಥೆ ಹೇಳುತ್ತಾರೆ, ಅಳುತ್ತಾರೆ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಗುಳಿಗೆ ಮುಗಿದಿವೆ, ಯಾವ ಹುಡುಗಿ ಮುಟ್ಟಾದಾಗ ಬಟ್ಟೆ ಒಣಗಿಸಲು ಜಾಗವಿಲ್ಲದೆ ಒದ್ದಾಡುತ್ತಿದ್ದಾಳೆ, ಎಲ್ಲ ಗೊತ್ತಾಗುತ್ತದೆ. ಮುಂದಿನ ಸಲ ಪ್ಯಾಡು, ಹೊಸ ಒಳಉಡುಪು, ಮುಚ್ಚಳದ ಬಕೆಟ್, ಬಟ್ಟೆ ಒಣ ಹಾಕಲು ಹಗ್ಗ ಒಯ್ದೆವು. ಒಳಉಡುಪನ್ನು ದಯವಿಟ್ಟು ಹಳೆಯದು ಕಳಿಸಬೇಡಿ. ತೆಗೆದುಕೊಳ್ಳುವವರಿಗೆ ಅದು ಅವಮಾನ.

ಈಗ ಹಂಚುವ ವಿಚಾರ. ಇದರಲ್ಲಿ ಎಡವಿದರೆ ಹೊಲಿದಿದ್ದೆಲ್ಲ ದಂಡ.

ಗಾಡಿ ಊರ ಮುಂದೆ ನಿಂತ ಕೂಡಲೇ ಓಡಿ ಬರುವವರು ಗಟ್ಟಿ ಮೈಯವರು. ಮುದುಕಿ ಬರುವುದಿಲ್ಲ, ಬಾಣಂತಿ ಬರುವುದಿಲ್ಲ. ರಸ್ತೆಗೆ ಹತ್ತಿರದ ಮನೆಗಳಿಗೆ ಮೂರು ಮೂರು ಸಲ ಸಿಗುತ್ತದೆ, ಊರ ಹೊರಗಿನ ಕೇರಿಗೆ ಒಂದು ಸಲವೂ ಮುಟ್ಟುವುದಿಲ್ಲ. ನಮ್ಮ ಎರಡನೇ ಗಾಡಿಗೆ ಹೀಗಾಯಿತು. ಊರಿನ ಮುಖಂಡರೊಬ್ಬರು ನಾನೇ ಹಂಚುತ್ತೇನೆ, ನೀವು ಇಳಿಸಿ ಹೋಗಿ ಅಂದರು. ನಾವು ನಂಬಿ ಇಳಿಸಿದೆವು. ಒಂದು ವಾರ ಬಿಟ್ಟು ಹೋಗಿ ಕೇಳಿದರೆ ಕೇರಿಯ ಹೆಂಗಸರು ನಮ್ಮ ಲಂಗವನ್ನೇ ನೋಡಿರಲಿಲ್ಲ.

ಆಮೇಲೆ ನಾವು ದಾರಿ ಬದಲಿಸಿದೆವು. ಹಿಂದಿನ ದಿನವೇ ಇಬ್ಬರು ಹೋಗಿ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ಸುತ್ತುತ್ತಿದ್ದೆವು. ಮನೆಗೊಂದು ಚೀಟಿ. ಅದರಲ್ಲಿ ಎಷ್ಟು ಹೆಂಗಸರು, ಎಷ್ಟು ಮಕ್ಕಳು, ವಯಸ್ಸೆಷ್ಟು ಅಂತ ಬರೆಯುತ್ತಿದ್ದೆವು. ಅದರ ಪ್ರಕಾರ ರಾಯಚೂರಿನಲ್ಲೇ ಗಂಟು ಕಟ್ಟಿ, ಗಂಟಿಗೆ ನಂಬರ್ ಹಾಕಿ ಒಯ್ಯುತ್ತಿದ್ದೆವು. ಊರ ಕಡೇ ಮನೆಯಿಂದ ಹಂಚುತ್ತಾ ಮುಂದಕ್ಕೆ ಬರುತ್ತಿದ್ದೆವು. ನೂಕಾಟ ನಿಂತಿತು. ಗುಂಪಿನ ಕೆಲವರಿಗೆ ಫೋಟೊ ತೆಗೆಯುವ ಆಸೆ ಇತ್ತು. ಗಂಟಿನ ಫೋಟೊ, ಬಿಲ್ಲಿನ ಫೋಟೊ ಸಾಕು, ಕೈಚಾಚಿದ ಹೆಂಗಸಿನ ಫೋಟೊ ಬೇಡ ಅಂತ ಎಲ್ಲರೂ ಒಪ್ಪಿಕೊಂಡೆವು. ದುಡ್ಡು ಕೊಟ್ಟವರಿಗೆ ಲೆಕ್ಕ ಬೇಕು ನಿಜ, ಅದಕ್ಕೆ ಬಿಲ್ಲು ಇದೆಯಲ್ಲ.

ಇನ್ನೊಂದು ಮಾತು. ಎಲ್ಲ ನೆರೆಯೂ ಒಂದೇ ಥರ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಬಂದಾಗ ನಮ್ಮಲ್ಲಿ ಹೇಳಿಕೊಳ್ಳುವ ಮಳೆಯೇ ಇರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಸುರಿದ ನೀರು ಆಲಮಟ್ಟಿ ಅಣೆಕಟ್ಟು ದಾಟಿ ಬಂತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ 6 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟರು. ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ಮುಳುಗಿತು, ದೇವದುರ್ಗ ಕಡೆ ಹೂವಿನಹೆಡಗಿ ಸೇತುವೆ ಮುಳುಗಿತು. ನಡುಗಡ್ಡೆಯ ಊರುಗಳಿಗೆ ದಾರಿಯೇ ಇಲ್ಲವಾಯಿತು. ಈ ಸಲ ಹೊರಡುವ ಮೊದಲು ಫೋನ್ ಮಾಡಿ ಕೇಳಿದೆವು. ಲಂಗ ಹೊಲಿಯಲು ತಯಾರಾಗಿದ್ದ ನಮಗೆ ಬಂದ ಉತ್ತರ ಬೇರೆಯೇ. ಬಟ್ಟೆ ಇದೆ, ಮನೆ ಇದೆ, ದನಕ್ಕೆ ಮೇವಿಲ್ಲ ಅಂದರು. ದನ ಬಿಟ್ಟು ಬರಲು ಮನಸ್ಸಿಲ್ಲದೆ ಎಷ್ಟೋ ಜನ ಅಲ್ಲೇ ಉಳಿದಿದ್ದರು. ಕೂಡಿದ ದುಡ್ಡಿಗೆ ಜೋಳದ ಕಣಿಕೆ ಕೊಂಡು ತಾಲೂಕು ಆಡಳಿತದವರ ಕೈಗೆ ಒಪ್ಪಿಸಿದೆವು. ಹೊಲಿಗೆ ಗುಂಪು ಅಂತ ಹೊಲಿಗೆಯನ್ನೇ ಕೊಡಬೇಕೆಂದೇನಿಲ್ಲ, ಅಲ್ವಾ? ಹೊಳೆ ದಾಟುವ ಸಾಹಸ ನಾವು ಮಾಡಲಿಲ್ಲ. ನೀವೂ ಮಾಡಬೇಡಿ. ನೀರು ಇಳಿಯುವ ತನಕ ಅದು ರಾಷ್ಟ್ರೀಯ ವಿಪತ್ತು ಪಡೆಯ (ಎನ್‌ಡಿಆರ್‌ಎಫ್) ಕೆಲಸ. ಯಾರಾದರೂ ಸಿಕ್ಕಿಬಿದ್ದ ಸುದ್ದಿ ಬಂದರೆ ಜಿಲ್ಲೆಯ ಸಹಾಯವಾಣಿ 1077ಕ್ಕೆ ತಿಳಿಸಿ.

ಆ ಎಂಟು ಕೌದಿಗಳ ಕಥೆ ಹೇಳಬೇಕು. ನಿಮ್ಮವರು ಕ್ರೋಷಾ ಹೊದಿಕೆ ಕಳಿಸುವ ಯೋಚನೆಯಲ್ಲೂ ಇರಬಹುದು, ಅದಕ್ಕೆ. 2009ರ ಆ ಮೊದಲ ದಿನ ಒಬ್ಬ ಅಜ್ಜಿಗೆ ಕೌದಿ ಕೊಟ್ಟಾಗ ಅದನ್ನು ಎದೆಗೆ ಒತ್ತಿಕೊಂಡಿದ್ದರು. ಮುಂದಿನ ವಾರ ನೋಡಿದರೆ ಅದು ಶಾಲೆಯ ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿತ್ತು. ನೆಲ ಒದ್ದೆ, ಬಿಸಿಲಿಲ್ಲ, ಆರು ಪದರದ ಕೌದಿ ಒಣಗುವುದು ಹೇಗೆ? ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ. ಆ ಹೊತ್ತಿಗೆ ಅವರಿಗೆ ಬೇಕಿದ್ದದ್ದು ಕೆಳಗೆ ಹಾಸಲು ತಾಡಪತ್ರಿ, ಅದರ ಮೇಲೆ ಚಾಪೆ, ಅರ್ಧ ದಿನದಲ್ಲಿ ಒಣಗುವ ತೆಳು ಚಾದರ.

ಕೌದಿಯ ಕಾಲ ಆಮೇಲೆ ಬಂತು. ಮನೆ ಕಳಕೊಂಡವರು ತಗಡಿನ ಶೆಡ್ಡಿಗೆ ಹೋದರು. ಸರ್ಕಾರ ಆಸರೆ ಯೋಜನೆಯಲ್ಲಿ ಮನೆ ಕಟ್ಟಿಸುತ್ತೇವೆ ಅಂತ ಹೇಳಿತ್ತು, ಆದರೆ ಮನೆ ಅಂದರೆ ತಿಂಗಳುಗಟ್ಟಲೆಯ ಮಾತು. ಡಿಸೆಂಬರ್‌ನಲ್ಲಿ ತಗಡು ಬೆಳಗಿನ ಜಾವ ಮಂಜುಗಡ್ಡೆಯಂತೆ ತಣ್ಣಗಾಗುತ್ತದೆ. ಆ ಹೊತ್ತಿಗೆ ಗಾಡಿಗಳು ಬರುವುದು ನಿಂತು ಎಷ್ಟೋ ವಾರ ಆಗಿತ್ತು. ವಾಪಸು ತಂದ ಹನ್ನೊಂದು ಚೀಲದಲ್ಲಿದ್ದ ಹತ್ತಿ ಸೀರೆಗಳನ್ನು ನಾವು ಆರಿಸಿ, ಒಗೆದು, ಒಣಗಿಸಿ ಇಟ್ಟಿದ್ದೆವು. ಅವನ್ನು ಶೆಡ್ಡಿಗೇ ಒಯ್ದೆವು. ಆ ಹೆಂಗಸರೂ ನಮ್ಮ ಜೊತೆ ಕೂತರು. ನಿಜ ಹೇಳಬೇಕೆಂದರೆ ಅವರ ಹೊಲಿಗೆ ನಮ್ಮದಕ್ಕಿಂತ ನೇರ, ಸಣ್ಣ. ಎರಡು ತಿಂಗಳಲ್ಲಿ ನಲವತ್ತರ ಹತ್ತಿರ ಕೌದಿ ಆದವು. ಮೊದಲನೆಯದು ಮುಗಿಯುವಾಗ ಆ ಅಜ್ಜಿ ಸ್ವಲ್ಪ ತಡೀರಿ ಅಂತ ಒಳಗೆ ಹೋಗಿ ಒಂದು ಚೂರು ರೊಟ್ಟಿ ತಂದರು. ಕೊನೇ ಮೂಲೆ ಹೊಲಿಯುವ ಮುಂಚೆ ಪದರಗಳ ನಡುವೆ ಅದನ್ನಿಟ್ಟರು. "ಕೌದಿ ಹಸದಿರಬಾರದವ್ವ" ಅಂದರು. ನನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದರು, ನಾನು ಮರೆತೇಬಿಟ್ಟಿದ್ದೆ.

ಹಾಗಾಗಿ ನೀವು ಈಗಾಗಲೇ ಕೂಡಿಸಿರುವ ಬಟ್ಟೆ ಎಸೆಯಬೇಡಿ. ಹತ್ತಿಯದನ್ನು ತೊಳೆದು ಒಣ ಜಾಗದಲ್ಲಿಡಿ. ಕ್ರೋಷಾ ಹೊದಿಕೆ ನಿಧಾನವಾಗಿ ಹಾಕುತ್ತಾ ಇರಿ, ಎರಡು ತಿಂಗಳ ಮೇಲೆ ಒಯ್ಯಿರಿ. ನೀವು ಕಳಿಸಬೇಕೆಂದಿರುವ ಊರಿನ ಅಂಗನವಾಡಿ ಟೀಚರ್ ನಂಬರ್ ಗ್ರಾಮ ಪಂಚಾಯತಿಯಲ್ಲಿ ಸಿಗುತ್ತದೆ. ಇವತ್ತೇ ಫೋನ್ ಮಾಡಿ. ನಿಮ್ಮಲ್ಲಿ ಹೆಂಗಸೊಬ್ಬರೇ ಮಾತಾಡಲಿ, ಆಗ ಅವರು ಬಿಚ್ಚಿ ಹೇಳುತ್ತಾರೆ.

ಲಂಗ ಬೇಕು ಅಂದರೆ ಒಂದಕ್ಕೆ ಎರಡೂಕಾಲು ಮೀಟರ್ ಪಾಪ್ಲಿನ್ ಹಿಡಿಯಿರಿ. ಉದ್ದ 38 ಇಂಚು, ನಾಲ್ಕರಲ್ಲಿ ಒಂದು 36 ಇರಲಿ. ಸೊಂಟ ಸಡಿಲವಾಗಿಯೇ ಇಡಿ. ಲಾಡಿ ಎರಡು ಮೀಟರ್, ಗಟ್ಟಿ ಹತ್ತಿಯದು. ಬಣ್ಣ ಗಾಢವಾಗಿರಲಿ, ಬಿಳಿ ಬೇಡ. ಕೆಂಪು ಬಣ್ಣ ಬಿಡುತ್ತದೆ, ಕತ್ತರಿಸುವ ಮೊದಲು ಒಂದು ಸಲ ನೀರಿಗೆ ಹಾಕಿ ತೆಗೆಯಿರಿ.