ಎಂಜಿನ್ ಹಿಂದಿನ ಹೀಟರ್ ಹೋಸ್‌ಗೆ ಎಂಜಿನ್ ಇಳಿಸೋದು ಬೇಡ

ಗದಗಿನಿಂದ ಕೇಳಿದ ಗೆಳೆಯರಿಗೆ. 2003ರ ಮಾರುತಿ ಜೆನ್ ಕಾರು, ಎಂಜಿನ್ ಹಿಂದೆ ಹೀಟರ್‌ಗೆ ಹೋಗೋ ಹೋಸ್ ಸೋರುತ್ತಿದೆ, ಕೈ ಹೋಗಲ್ಲ, ಗ್ಯಾರೇಜಿನಲ್ಲಿ ಎಂಜಿನ್ ಇಳಿಸಬೇಕು ಅಂದರು ಅಂತ ಬರೆದಿದ್ದೀರಿ. ಅದಕ್ಕೆ ಎಂಜಿನ್ ಇಳಿಸಬೇಕಾಗಿಲ್ಲ, ಮನೆ ಮುಂದೇನೇ ಆಗುವ ಕೆಲಸ.

ಗಾಡಿ ರಾತ್ರಿಯೆಲ್ಲ ನಿಂತಿರಲಿ, ಬೆಳಿಗ್ಗೆ ಶುರು ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಕ್ಯಾಪ್ ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಇಳಿಸಿದ ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಬುಟ್ಟಿಯಲ್ಲಿ ಹಿಡಿದು ಮುಚ್ಚಿಡಿ. ಅದು ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯಬಹುದು.

ಏರ್ ಫಿಲ್ಟರ್ ಡಬ್ಬಿ, ಅದರ ಪೈಪು ಬಿಚ್ಚಿ ಪಕ್ಕಕ್ಕಿಡಿ. ಬ್ಯಾಟರಿ ಅಡ್ಡ ಬಂದರೆ ಅದನ್ನೂ ತೆಗೆಯಿರಿ. ಆಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಒಳಗೆ ಬಿಟ್ಟು ಒಂದು ವಿಡಿಯೊ ಮಾಡಿ, ಹೋಸ್ ಬಿಗಿಹಿಡಿಯೋ ಕ್ಲಾಂಪಿನ ಸ್ಕ್ರೂ ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗುತ್ತದೆ. ಹೊಸ ಕ್ಲಾಂಪ್ ಹಾಕುವಾಗ ಸ್ಕ್ರೂ ಮೇಲಕ್ಕೆ ತಿರುಗಿಸಿ ಕೂರಿಸಿ, ಮುಂದೆ ಬಿಗಿ ಮಾಡೋದು ಸುಲಭ.

ಈಗ ಮುಖ್ಯ ಮಾತು. ಹೋಸ್ ಎಷ್ಟು ಹಾಳಾದರೂ ಪರವಾಗಿಲ್ಲ, ಅದು ಕೂತಿರೋ ಪೈಪಿನ ತುದಿ ಹಾಳಾಗಬಾರದು. ವರ್ಷಗಟ್ಟಲೆ ಬಿಸಿಗೆ ರಬ್ಬರ್ ಅಲ್ಲೇ ಅಂಟಿಕೊಂಡಿರುತ್ತದೆ. ಪಕ್ಕಡದಿಂದ ತಿರುಚಿ, ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹೀಟರ್ ಕೋರಿನ (ಗಾಳಿ ಬಿಸಿ ಮಾಡೋ ಪುಟ್ಟ ರೇಡಿಯೇಟರ್) ತೆಳ್ಳನೆ ಪೈಪು ಬಾಗುತ್ತದೆ, ಇಲ್ಲಾ ಬುಡದಲ್ಲಿ ಬಿರುಕು ಬಿಡುತ್ತದೆ. ಕೋರ್ ಇರೋದು ಡ್ಯಾಶ್‌ಬೋರ್ಡ್ ಒಳಗೆ. ಆಗ ನೋಡಿ, ನಿಜವಾಗಲೂ ದೊಡ್ಡ ಕೆಲಸ ಬೀಳುತ್ತದೆ. ಅದಕ್ಕೇ ಎಳೆಯಬೇಡಿ. ತುದಿಯಿಂದ ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿ, ಶೇಂಗಾ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸಿ. ಬ್ಲೇಡ್ ಪೂರ್ತಿ ಒಳಗೆ ಒತ್ತಬೇಡಿ, ಪೈಪಿನ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನಯವಾದ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ ಒರೆಸಿ.

ಸೋರೋದು ಒಂದೇ ಆದರೂ ಎರಡೂ ಹೀಟರ್ ಹೋಸ್ ಬದಲಿಸಿ. ಎರಡಕ್ಕೂ ವಯಸ್ಸು ಒಂದೇ, ಮತ್ತೆ ಇದೆಲ್ಲ ಯಾಕೆ ಬಿಚ್ಚೋದು? ಹುಬ್ಬಳ್ಳಿಗೆ ಬಂದು ತಗೊಳ್ಳೋದಾದರೆ ಹಳೆಯದನ್ನು ಕೈಯಲ್ಲೇ ಹಿಡಿದು ಬನ್ನಿ, ಬಾಗು ಸಮೇತ ಹೋಲಿಸಿ ತಗೊಳ್ಳಿ. ನೇರ ಹೋಸ್ ಬಗ್ಗಿಸಿ ಹಾಕಿದರೆ ಮಡಿಕೆ ಬಿದ್ದು ನೀರು ಹರಿಯಲ್ಲ. ಏರಿಸುವಾಗ ಗ್ರೀಸ್, ಆಯಿಲ್ ಹಚ್ಚಬೇಡಿ, ಕೂಲಂಟ್ ಹೋಸಿನ ರಬ್ಬರ್ ಎಣ್ಣೆಗೆ ಊದಿಕೊಳ್ಳುತ್ತದೆ. ಸೋಪಿನ ನೀರು ಸಾಕು. ಪೈಪಿನ ತುದಿಯ ಉಬ್ಬು ದಾಟಿದ ಮೇಲೆ ಕ್ಲಾಂಪ್ ಕೂರಬೇಕು, ಉಬ್ಬಿನ ಮೇಲೆ ಅಲ್ಲ.

ತುಂಬಿಸುವಾಗ ಬೋರ್ ನೀರು ಬೇಡವೇ ಬೇಡ, ನಿಮ್ಮ ಕಡೆ ನೀರು ಗಡಸು, ರೇಡಿಯೇಟರ್ ಒಳಗೆ ಪದರು ಕಟ್ಟುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ, ಇಲ್ಲಾ ರೆಡಿ ಮಿಕ್ಸ್ ತಗೊಳ್ಳಿ. ಗಾಡಿ ಮೂತಿ ಮೇಲಿರೋ ಹಾಗೆ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ನಾಬ್ ಪೂರ್ತಿ ಬಿಸಿ ಕಡೆಗಿರಲಿ. ಸ್ಟಾರ್ಟ್ ಮಾಡೋಕೆ ಮೊದಲು ನಿಧಾನಕ್ಕೆ ಸುರಿಯುತ್ತಾ ಮೇಲಿನ ದಪ್ಪ ಹೋಸ್ ಹಿಸುಕಿ, ಗುಳ್ಳೆ ಹೊರಗೆ ಬರುತ್ತದೆ. ಕ್ಯಾಪ್ ಹಾಕಿ ರೇಡಿಯೇಟರ್ ಫ್ಯಾನ್ ತಿರುಗೋವರೆಗೆ ನಿಂತಲ್ಲೇ ಎಂಜಿನ್ ಓಡಿಸಿ. ಹೀಟರಿನಿಂದ ಬಿಸಿ ಗಾಳಿ ಬರದಿದ್ದರೆ ಒಳಗೆ ಇನ್ನೂ ಗಾಳಿ ಇದೆ ಅಂತ ಅರ್ಥ, ಪೂರ್ತಿ ಆರಿದ ಮೇಲೆ ಮತ್ತೆ ತುಂಬಿಸಿ.

ಒಂದು ವಾರ ಊರೊಳಗೇ ಓಡಿಸಿ, ದಿನಾ ಬೆಳಿಗ್ಗೆ ಮಟ್ಟ ನೋಡಿ, ಕ್ಲಾಂಪ್ ಇನ್ನೊಮ್ಮೆ ಬಿಗಿ ಮಾಡಿ. ಅಂಕೋಲಾ ಕಡೆ ಹೋಗಿ ಅರಬೈಲ್ ಘಾಟ್ ಹತ್ತಿ ಬರೋದೆಲ್ಲ ಆಮೇಲೆ ಇಟ್ಟುಕೊಳ್ಳಿ. ಹೋಸ್ ಬಿಚ್ಚಿದಾಗ ಪೈಪಿನ ತುದಿಯ ಫೋಟೊ ಇಲ್ಲೇ ಹಾಕಿ. ಲೋಹ ತುಂಬಾ ತಿಂದುಹೋಗಿದ್ದರೆ ಹೊಸ ಹೋಸ್ ಏರಿಸೋಕೆ ಮೊದಲೇ ಅದಕ್ಕೊಂದು ದಾರಿ ನೋಡಬೇಕು.